ಅರಸೀಕೆರೆಗೆ ಬದಲಾಗಿ ಅಂಡಮಾನ್

ಕೇಂದ್ರ ಸರ್ಕಾರದ ನೌಕರರನ್ನು ಕಟ್ಟಿಕೊಂಡವರಿಗೆ ಮಾತ್ರ ಗೊತ್ತಿರುವ ಕೆಲವು ಸುಖಗಳಿವೆ. ಎಲ್‌ಟಿಸಿ ಅವುಗಳಲ್ಲಿ ಮುಖ್ಯವಾದದ್ದು. ನೌಕರ ಹೆಂಡತಿ ಮಕ್ಕಳೊಂದಿಗೆ ಆಗಾಗ ಸ್ವಂತ ಊರಿಗೆ ಹೋಗಿಬರಲಿ ಎಂದು ಸರ್ಕಾರ ದಾರಿಖರ್ಚು ಕೊಡುತ್ತದೆ. ಅದರಲ್ಲೊಂದು ವಿನಾಯಿತಿ ಬೇರೆ. ಸ್ವಂತ ಊರಿನ ಬದಲು ಈಶಾನ್ಯ ರಾಜ್ಯಗಳಿಗೋ, ಕಾಶ್ಮೀರಕ್ಕೋ, ಲಡಾಖಿಗೋ, ಅಂಡಮಾನಿಗೋ ಹೋಗಬಹುದು, ಅದೂ ವಿಮಾನದಲ್ಲಿ. ನಮ್ಮ ಯಜಮಾನರ ಸ್ವಂತ ಊರು ಅರಸೀಕೆರೆ ಹತ್ತಿರದ ಒಂದು ಹಳ್ಳಿ. ಬೆಂಗಳೂರಿನಲ್ಲಿ ರೈಲು ಹತ್ತಿ ಒಂದು ನಿದ್ದೆ ತೆಗೆಯುವುದರೊಳಗೆ ಬಂದುಬಿಡುವ ಊರು. ಅದರ ಬದಲಿಗೆ ಬಂಗಾಳ ಕೊಲ್ಲಿಯ ನಡುವಿನ ದ್ವೀಪ ಎಂದು ಲೆಕ್ಕ ಹಾಕಿದ ಪುಣ್ಯಾತ್ಮ ಯಾರೋ ಕಾಣೆ, ಅವನ ಹೊಟ್ಟೆ ತಣ್ಣಗಿರಲಿ.

ಅತ್ತೆಗೆ ನಂಬಿಕೆಯೇ ಬರಲಿಲ್ಲ. "ಅರಸೀಕೆರೆಗೆ ಹೋಗ್ತೀವಿ ಅಂದ್ರೆ ಅಂಡಮಾನಿಗೆ ಕಳಿಸ್ತಾರೇನೋ? ಯಾವನೋ ಸುಳ್ಳು ಹೇಳಿದಾನೆ, ನೋಡು ಸರಿಯಾಗಿ" ಎಂದು ಮಗನನ್ನು ಗದರಿದರು. ಆಮೇಲೆ ಫಾರಂನಲ್ಲಿ ತಮ್ಮ ಹೆಸರಿನ ಮುಂದೆ 'ಅವಲಂಬಿತ ತಾಯಿ' ಎಂದು ಬರೆದಿರುವುದು ಮೊಮ್ಮಗಳ ಬಾಯಿಂದ ತಿಳಿದು ಅರ್ಧ ದಿನ ಮಾತು ಬಿಟ್ಟರು. ತೆಂಗಿನ ತೋಟ ಭಾವನವರ ಹೆಸರಿಗೆ ಹೋದ ಮೇಲೂ ಅತ್ತೆ ಯಾರಿಗೂ ಅವಲಂಬಿತರಾಗಿದ್ದು ನಾನು ಕಂಡಿಲ್ಲ. ನಾವೇ ಅವರ ಕೊಬ್ಬರಿಗೆ, ಉಪ್ಪಿನಕಾಯಿಗೆ, ಹುಳಿಪುಡಿಗೆ ಅವಲಂಬಿತರು. ಆದರೆ ಅದನ್ನು ತುಂಬಲು ಫಾರಂನಲ್ಲಿ ಜಾಗವಿರಲಿಲ್ಲ.

ಅಂಡಮಾನಿಗೆ ಹೊರಟವರಿಗೆ ಸಲಹೆ ಕೊಡುವವರಿಗೆ ನಮ್ಮಲ್ಲಿ ಬರವಿಲ್ಲ. ಮೊದಲು ಹೋಗಿಬಂದ ಭಾವನವರು ಫೋನ್ ಮಾಡಿದಾಗಲೆಲ್ಲ "ಚಿಡಿಯಾ ಟಾಪು ನೋಡದೆ ಬಂದರೆ ಏನೂ ನೋಡಿದ ಹಾಗಲ್ಲ" ಅನ್ನುತ್ತಿದ್ದರು. ಪಕ್ಕದ ಮನೆಯವರು "ಕರಿನೀರಿನ ಶಿಕ್ಷೆಗೆ ನೀವೇ ದುಡ್ಡು ಕೊಟ್ಟು ಹೋಗ್ತಿದೀರಾ" ಎಂದು ನಕ್ಕರು. ಇದೇ ಜೋಕನ್ನು ಆಫೀಸಿನವರು, ಹಾಲಿನವನು, ಸೋದರಮಾವ ಎಲ್ಲರೂ ಹೇಳಿದರು. ಹೊಸದಾಗಿ ಹೊಳೆದದ್ದೆಂಬ ಸಂತೋಷ ಪ್ರತಿಯೊಬ್ಬರ ಮುಖದಲ್ಲೂ ಇದ್ದದ್ದರಿಂದ ಪ್ರತಿ ಸಲವೂ ನಗಬೇಕಾಯಿತು.

ಹೋಗುವವರು ಡಿಸೆಂಬರ್ ಮೇಲೆ ಹೋಗುತ್ತಾರೆ. ನಮಗೆ ದಸರಾ ರಜೆ ಬಿಟ್ಟರೆ ಗತಿಯಿಲ್ಲ. ಅಕ್ಟೋಬರ್ ಅಂದರೆ ಆ ಸಮುದ್ರಕ್ಕೆ ಇನ್ನೂ ಮಳೆಗಾಲವೇ. 'ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ' ಎಂಬ ಮಾತನ್ನು ಆಕಾಶವಾಣಿಯ ಪ್ರದೇಶ ಸಮಾಚಾರದಲ್ಲಿ ಕೇಳುತ್ತಲೇ ಬೆಳೆದವರು ನಾವು. ಅದು ಕುಸಿಯುವ ಜಾಗದಲ್ಲೇ ಹೋಗಿ ರೂಮು ಮಾಡುತ್ತಿದ್ದೇವೆ ಎಂಬ ವಿಚಾರ ಯಾರಿಗೂ ಬರಲಿಲ್ಲ. ಆಯುಧಪೂಜೆಗೆ ಕಾರು ತೊಳೆದು, ಕುಂಬಳಕಾಯಿ ಒಡೆದು, ಬನ್ನಿ ಹಂಚಿ, ಮಾರನೆಯ ಬೆಳಗಿನ ಜಾವದ ವಿಮಾನ ಹತ್ತಿದೆವು. ಏಕಾದಶಿಯಾದ್ದರಿಂದ ಅತ್ತೆಗೆ ಉಪವಾಸ. ವಿಮಾನದ ಸ್ಯಾಂಡ್‌ವಿಚ್ಚಿನ ಬೆಲೆ ಕೇಳಿದ ಮೇಲೆ ನಮಗೂ ಅದೇ ಆಯಿತು. ಅತ್ತೆಯ ಚೀಲದಲ್ಲೊಂದು ಹಿತ್ತಾಳೆ ಚೊಂಬಿತ್ತು. ತಪಾಸಣೆಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ಟ. ಇವರಿಗೆ ನಾಚಿಕೆ. "ಅಲ್ಲಿ ಶವರ್ ಇರುತ್ತಮ್ಮಾ, ಚೊಂಬು ಯಾಕೆ?" ಎಂದರೆ ಅತ್ತೆ, "ಇರ್ಲಿ ಬಿಡೋ, ನೀನೇನು ಹೊರ್ತೀಯಾ?" ಎಂದರು.

ಪೋರ್ಟ್ ಬ್ಲೇರಿನಲ್ಲಿ ಇಳಿದ ಮೇಲೆ ನಮಗೆ ಮೊದಲು ಕೈಕೊಟ್ಟದ್ದು ಗಡಿಯಾರ. ದೇಶಕ್ಕೆಲ್ಲ ಒಂದೇ ಸಮಯ. ಅದು ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಲೆಕ್ಕ. ಬೆಂಗಳೂರು ಅದರ ಪಶ್ಚಿಮಕ್ಕಿದೆ, ಪೋರ್ಟ್ ಬ್ಲೇರ್ ಹತ್ತು ಡಿಗ್ರಿ ಪೂರ್ವಕ್ಕಿದೆ. ಗಡಿಯಾರ ಒಂದೇ ಆದರೂ ಎರಡು ಊರಿನ ಸೂರ್ಯನಿಗೆ ಒಂದು ಗಂಟೆಯ ಅಂತರ. ಅಕ್ಟೋಬರಿನಲ್ಲಿ ಅಲ್ಲಿ ಬೆಳಿಗ್ಗೆ 5 ದಾಟುತ್ತಲೇ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಸಂಜೆ 5ಕ್ಕೆ ಸೂರ್ಯ ಮುಳುಗಿ, ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಕತ್ತಲೆ.

ಬೆಂಗಳೂರಿನ ಮನೆಯಲ್ಲಿ ಅತ್ತೆ ನಾಲ್ಕೂವರೆಗೆ ಎದ್ದು, ಯಾರಿಗೂ ಎಚ್ಚರವಾಗಬಾರದೆಂದು ಎಲ್ಲರಿಗೂ ಎಚ್ಚರವಾಗುವ ಹಾಗೆ ಪಾತ್ರೆ ಜೋಡಿಸುತ್ತಾರೆ. ಎಂಟರವರೆಗೆ ಮಾತಿಗೆ ಜನ ಸಿಗುವುದಿಲ್ಲ. ರಾತ್ರಿ ನಾವು ಊಟಕ್ಕೆ ಕೂರುವ ಹೊತ್ತಿಗೆ ಅವರಿಗೆ ತೂಕಡಿಕೆ. ದ್ವೀಪದಲ್ಲಿ ಇದೆಲ್ಲ ಉಲ್ಟಾ ಆಯಿತು. ಅತ್ತೆ ಏಳುವ ಹೊತ್ತಿಗೆ ಊರೇ ಎದ್ದಿರುತ್ತಿತ್ತು, ಅವರು ಮಲಗುವ ಹೊತ್ತಿಗೆ ಅಂಗಡಿ ಬಾಗಿಲು ಹಾಕುತ್ತಿತ್ತು. ಪಿಯುಸಿ ಓದುವ ನಮ್ಮ ಮಗಳು ರಜೆಯೆಂದರೆ ಹತ್ತು ಗಂಟೆಗೆ ಕಣ್ಣು ಬಿಡುವುದು ಎಂದು ತಿಳಿದವಳು. ಅವಳು ಕಣ್ಣು ಬಿಡುವಷ್ಟರಲ್ಲಿ ದಿನದ ಅರ್ಧ ಖರ್ಚಾಗಿರುತ್ತಿತ್ತು. ಅತ್ತೆ ಐದಕ್ಕೆಲ್ಲ ಕರ್ಟನ್ ಸರ್ರನೆ ಎಳೆದು, "ಏಳೇ, ಮಧ್ಯಾಹ್ನ ಆಗ್ತಾ ಬಂತು!" ಎಂದು ಕೂಗುವರು. ಬೆಂಗಳೂರಿನಲ್ಲಾದರೆ ಅದು ಉತ್ಪ್ರೇಕ್ಷೆ ಅನ್ನಬಹುದಿತ್ತು.

ಪೋರ್ಟ್ ಬ್ಲೇರಿನಲ್ಲಿ ಎಲ್ಲರೂ ನೋಡುವುದನ್ನು ನಾವೂ ನೋಡಿದೆವು. ಹಳೆಯ ಕೆಂಪು ಇಪ್ಪತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿದ್ದ ನೋಟ ಇದೇ ಎಂದು ಡ್ರೈವರ್ ಕಾರು ನಿಲ್ಲಿಸಿ ನೋಟು ಹಿಡಿದು ತೋರಿಸಿದ. ಇವರು ನೋಟನ್ನೂ ಗುಡ್ಡವನ್ನೂ ಒಟ್ಟಿಗೆ ಫೋಟೋ ಹೊಡೆದರು, ನೋಟು ಮಾತ್ರ ಚೆನ್ನಾಗಿ ಬಂತು.

ಸೆಲ್ಯುಲರ್ ಜೈಲಿನ ವಿಷಯ ಹಾಗೆ ಹೇಳಿ ಮುಗಿಸಲು ಬರುವುದಿಲ್ಲ. 1896ರಲ್ಲಿ ಶುರುವಾಗಿ 1906ಕ್ಕೆ ಮುಗಿದ ಕಟ್ಟಡ. ನಡುವೆ ಒಂದು ಗೋಪುರ, ಅದರಿಂದ ಏಳು ದಿಕ್ಕಿಗೆ ಏಳು ಸಾಲು. ಈಗ ಉಳಿದಿರುವುದು ಮೂರೇ. ಒಂದು ಸಾಲಿನ ಕೋಣೆಗಳು ಮುಂದಿನ ಸಾಲಿನ ಬೆನ್ನು ನೋಡುವ ಹಾಗೆ ಕಟ್ಟಿರುವುದರಿಂದ ಒಬ್ಬ ಕೈದಿಗೆ ಇನ್ನೊಬ್ಬನ ಮುಖ ಕಾಣುತ್ತಿರಲಿಲ್ಲ. ಗೈಡ್ ಇದನ್ನೆಲ್ಲ ಬಾಯಿಪಾಠ ಒಪ್ಪಿಸುತ್ತಿದ್ದ. ಮೂರನೇ ಕ್ಲಾಸಿನ ನಮ್ಮ ಮಗ ಕೋಣೆಯೊಳಗೆ ಹೋಗಿ ಸುತ್ತಲೂ ನೋಡಿ, "ಬಾತ್‌ರೂಮ್ ಎಲ್ಲಿ?" ಎಂದು ಕೇಳಿದ. ಗೈಡಿನ ಪಾಠ ಅಲ್ಲಿಗೆ ನಿಂತಿತು. ರಾತ್ರಿಯೆಲ್ಲ ಒಂದು ಮಡಕೆ, ಅಷ್ಟೇ, ಎಂದು ಅವನು ಮೆಲ್ಲಗೆ ಹೇಳಿದ. ಮಗ ಬಾಗಿಲಿನಿಂದ ಹೊರಗೆ ಬಂದವನು ಮತ್ತೆ ಒಳಗೆ ಹೋಗಲಿಲ್ಲ.

ಅಂಗಳದ ಒಂದು ಬದಿಯಲ್ಲಿ ಗಾಣ ಇಟ್ಟಿದ್ದಾರೆ, ಅದನ್ನು ತಳ್ಳುತ್ತಿರುವ ಕೈದಿಯ ಗೊಂಬೆಯನ್ನೂ. ಒಬ್ಬೊಬ್ಬ ಕೈದಿ ದಿನಕ್ಕೆ 30 ಪೌಂಡ್ ಕೊಬ್ಬರಿ ಎಣ್ಣೆ ತೆಗೆಯಬೇಕಿತ್ತು ಎಂದು ಗೈಡ್ ಹೇಳಿದ್ದನ್ನು ಇವರು ಕನ್ನಡದಲ್ಲಿ ಹೇಳಿದರು. "ಪೌಂಡ್ ಅಂದ್ರೆ ಎಷ್ಟೋ?" ಎಂದರು ಅತ್ತೆ. "ಎಲ್ಲಾ ಸೇರಿ ಹದಿಮೂರೂವರೆ ಕೇಜಿ ಆಗುತ್ತೆ." ಅಲ್ಲಿಯವರೆಗೆ ಬಿಸಿಲು, ಮೆಟ್ಟಿಲು, ಮಂಡಿ ಎನ್ನುತ್ತಿದ್ದ ಅತ್ತೆ ಸುಮ್ಮನಾದರು. ಬೆರಳು ಮಡಿಚಿ ಮಡಿಚಿ ಏನೋ ಎಣಿಸಿದರು. "ಒಳ್ಳೆ ಒಣಕೊಬ್ಬರಿನೇ ಆದ್ರೂ ಇಪ್ಪತ್ತೆರಡು ಕೇಜಿ ಬೇಕು. ದಿನಾನಾ?" "ದಿನಾ." "ಎತ್ತೂ ಇಲ್ದೇನಾ?" ಅತ್ತೆಯ ತವರಿನಲ್ಲಿ ಗಾಣವಿತ್ತು. ಎತ್ತಿಗೆ ಕಣ್ಣು ಕಟ್ಟಿ ಸುತ್ತಿಸುತ್ತಿದ್ದರಂತೆ, ಬಿಸಿಲೇರಿದ ಮೇಲೆ ಬಿಚ್ಚಿ ನೆರಳಿಗೆ ಕಟ್ಟಿ ಹಿಂಡಿ ಕಲಸಿಡುತ್ತಿದ್ದರಂತೆ. "ಎತ್ತಿಗೂ ಅಷ್ಟು ಹೊತ್ತು ಕಟ್ತಿರಲಿಲ್ಲ ಕಣಮ್ಮಾ" ಎಂದು ನನಗೆ ಹೇಳಿದರು. ಆಮೇಲೆ ಆ ಮರದ ತೊಲೆಯನ್ನು ಕೈಯಿಂದ ಸವರಿ, ಎಣ್ಣೆ ಹತ್ತಿದೆಯೇನೋ ಎಂಬ ಹಾಗೆ ಬೆರಳು ನೋಡಿಕೊಂಡರು.

ಹೊರಗೆ ಬಂದ ತಕ್ಷಣ ಮಗ ಐಸ್‌ಕ್ರೀಮ್ ಕೇಳಿದ. ಕೊಡಿಸಿದೆವು, ನಾವೂ ತಿಂದೆವು. ಟೂರಿನವರು ಬರೆದುಕೊಟ್ಟ ಪಟ್ಟಿಯಲ್ಲಿ ಜೈಲಿನ ಮುಂದಿನ ಸಾಲು 'ಶಾಪಿಂಗ್' ಎಂದಿತ್ತು.

ಮಾರನೇ ದಿನ ಹ್ಯಾವ್‌ಲಾಕ್. ಈಗ ಅದು ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ, ಪೋರ್ಟ್ ಬ್ಲೇರೇ ಶ್ರೀ ವಿಜಯಪುರಂ. ಜೆಟ್ಟಿಯಲ್ಲಿ ಕೂಗುವವರು ಹಳೆಯ ಹೆಸರನ್ನೇ ಕೂಗುತ್ತಾರೆ, ನಾನೂ ಹಾಗೇ ಬರೆದಿದ್ದೇನೆ. ಹ್ಯಾವ್‌ಲಾಕಿನಲ್ಲಿ ಬೀಚುಗಳಿಗೆ ನಂಬರ್. ಏಳನೇ ನಂಬರಿನ ರಾಧಾನಗರವನ್ನು 2004ರಲ್ಲಿ 'ಟೈಮ್' ಪತ್ರಿಕೆ ಏಷ್ಯಾದಲ್ಲೇ ಶ್ರೇಷ್ಠ ಬೀಚ್ ಎಂದು ಹೊಗಳಿತ್ತು. ಅಂದಿನಿಂದ ಇಂದಿನವರೆಗೆ ಎಲ್ಲ ಡ್ರೈವರುಗಳೂ ಅದನ್ನೇ ಹೇಳುತ್ತಿದ್ದಾರೆ. ಸುಳ್ಳೇನಲ್ಲ. ದಟ್ಟ ಕಾಡು ಮರಳಿನ ಅಂಚಿನವರೆಗೆ ಬಂದು ನಿಂತಿದೆ, ಮರಳು ಗೋಧಿಹಿಟ್ಟಿನಷ್ಟು ನಯ. ದಡದಲ್ಲಿ ಮೊಸಳೆ ಇರಬಹುದು ಎಂದು ಒಂದು ಬೋರ್ಡು. ಇವರು ಅದನ್ನು ಓದಿದ ಮೇಲೆ ನೀರಿಗಿಳಿದ ಮಕ್ಕಳನ್ನು ನಿಮಿಷಕ್ಕೊಮ್ಮೆ ಎಣಿಸತೊಡಗಿದರು. ಇರುವುದೇ ಇಬ್ಬರು.

ಅತ್ತೆ ಮಾತ್ರ ನೀರು ಮುಟ್ಟಲಿಲ್ಲ. ಸಮುದ್ರಸ್ನಾನಕ್ಕೆ ಪರ್ವಕಾಲ ಬೇಕು, ಕಂಡಕಂಡ ದಿನ ಸಮುದ್ರವನ್ನು ಮುಟ್ಟಬಾರದು ಎಂಬುದು ಅವರ ಶಾಸ್ತ್ರ. ಶೀಗಿ ಹುಣ್ಣಿಮೆ ಹತ್ತಿರದಲ್ಲೇ ಇತ್ತು. ಆದರೆ ನಮ್ಮ ಟಿಕೆಟ್ಟಿನ ಪ್ರಕಾರ ಹುಣ್ಣಿಮೆಯ ದಿನ ನಾವು ವಿಮಾನಕ್ಕೆ ಓಡುತ್ತಿರಬೇಕು. "ಹೋಗ್ಲಿ ಬಿಡು, ಯೋಗ ಇರಬೇಕು" ಎಂದು ಅತ್ತೆ ಮರದ ಕೆಳಗೆ ಚೊಂಬು ಪಕ್ಕಕ್ಕಿಟ್ಟುಕೊಂಡು ಕೂತರು. ಮಗ ಜೇಬಿಗೆ ತುಂಬಿಕೊಂಡ ಚಿಪ್ಪುಗಳನ್ನೆಲ್ಲ ಸಂಜೆ ವಾಪಸ್ ಮರಳಿಗೆ ಸುರಿಸುವ ಕೆಲಸ ಅವರದಾಯಿತು. ಅಲ್ಲಿಂದ ಚಿಪ್ಪು, ಹವಳ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸುತ್ತಾರೆ.

ಎಲಿಫೆಂಟ್ ಬೀಚಿನಲ್ಲಿ ಸ್ನಾರ್ಕೆಲಿಂಗ್. 2004ರ ಸುನಾಮಿಗೆ ಉರುಳಿದ ದೊಡ್ಡ ದೊಡ್ಡ ಮರಗಳು ದಡದಲ್ಲಿ ಬಿಳಿಚಿಕೊಂಡು ಮಲಗಿವೆ. ಚೂಡಿದಾರದ ಮೇಲೆ ಲೈಫ್ ಜಾಕೆಟ್, ಮುಖಕ್ಕೆ ಕನ್ನಡಕ, ಬಾಯಿಗೆ ಕೊಳವೆ. ಮೂಗು ಮರೆತುಬಿಡಿ, ಬಾಯಲ್ಲಿ ಉಸಿರಾಡಿ ಎಂದ ಹುಡುಗ. ಬಾಯಿ ಮುಚ್ಚಿ ಮೂಗಿನಲ್ಲಿ ಉಸಿರಾಡಿ ಎಂದು ವರ್ಷಗಟ್ಟಲೆ ಹೇಳಿಕೊಟ್ಟ ನಮ್ಮ ಯೋಗದ ಮೇಡಂ ನೆನಪಾದರು. ಆ ಹುಡುಗ ಟ್ಯೂಬು ಹಿಡಿದು, ಸಂತೆಗೆ ಎಮ್ಮೆ ಹೊಡೆದುಕೊಂಡು ಹೋಗುವವನ ಹಾಗೆ ನನ್ನನ್ನು ಎಳೆದುಕೊಂಡು ಹೋದ. ಮುಖ ನೀರಿಗಿಟ್ಟೆ.

ಹಸಿರು ಮೈಯ ಒಂದು ಮೀನು, ಗಿಳಿಯ ಕೊಕ್ಕಿನಂಥ ಬಾಯಿಂದ ಹವಳ ಕೆರೆಯುತ್ತಿತ್ತು. ಆ ಕರಕರ ಸದ್ದು ನೀರೊಳಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಹವಳ ಹಲವು ಕಡೆ ಬರೀ ಬೂದಿಬಣ್ಣ. 2010ರಲ್ಲಿ ಸಮುದ್ರ ಬಿಸಿಯಾಗಿ ಇಲ್ಲಿನ ಹವಳ ಬಿಳುಚಿಕೊಂಡ ಸುದ್ದಿ ಓದಿದ್ದೆ. ಆದರೂ ಸಂದುಗೊಂದುಗಳಲ್ಲಿ ನೀಲಿ, ನೇರಳೆ, ಹಳದಿ ಮಿನುಗುತ್ತಿತ್ತು. ಆದರೆ ನನ್ನ ಸಂತೋಷ ಮೀನಿನದೂ ಅಲ್ಲ, ಹವಳದ್ದೂ ಅಲ್ಲ ಎಂದು ಸ್ವಲ್ಪ ಹೊತ್ತಾದ ಮೇಲೆ ಗೊತ್ತಾಯಿತು. ಅಲ್ಲಿ ಯಾರೂ ನನ್ನನ್ನು ಕರೆಯುತ್ತಿರಲಿಲ್ಲ. ಚಾರ್ಜರ್ ಎಲ್ಲಿ, ಟವೆಲ್ ಎಲ್ಲಿ, ನನ್ನ ಮಾತ್ರೆ ಎಲ್ಲಿ, ಅಮ್ಮಾ ಇವನು ನೋಡು, ಯಾವುದೂ ನೀರಿನೊಳಕ್ಕೆ ಇಳಿಯುವುದಿಲ್ಲ. ಕರೆದರೂ ಬಾಯಲ್ಲಿ ಕೊಳವೆ ಇರುವುದರಿಂದ ಉತ್ತರ ಕೊಡುವ ಹಾಗಿಲ್ಲ. ಹುಡುಗ ವಾಪಸ್ ಎಳೆಯತೊಡಗಿದಾಗ ಇನ್ನೊಂದು ಸುತ್ತು ಎಂದು ಬೆರಳೆತ್ತಿ ತೋರಿಸಿದೆ. ಹೆಚ್ಚಿಗೆ ದುಡ್ಡಾಗುತ್ತದೆ ಎಂದು ಅವನೂ ಬೆರಳಲ್ಲೇ ಹೇಳಿದ. ಆಗಲಿ ಎಂದೆ.

ನೀಲ್ ಇನ್ನೂ ಚಿಕ್ಕದು, ಅಂಗೈಯಗಲದ ದ್ವೀಪ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ನೆಲೆಸಿ ತರಕಾರಿ ಬೆಳೆಯುತ್ತಾರೆ. ಒಂದೊಂದು ಬೀಚಿಗೆ ರಾಮಾಯಣದ ಒಬ್ಬೊಬ್ಬರ ಹೆಸರು. ಲಕ್ಷ್ಮಣಪುರ, ಭರತಪುರ, ಸೀತಾಪುರ. ಒಂದು ರಾತ್ರಿ ಇದ್ದು ಹೊರಡುವುದೆಂದು ಹೋದೆವು. ಅದೇ ರಾತ್ರಿ ಗಾಳಿ ಎದ್ದಿತು. ಬೆಳಿಗ್ಗೆ ಇವರು ಜೆಟ್ಟಿಗೆ ಹೋಗಿ ತೊಯ್ದು ತೊಪ್ಪೆಯಾಗಿ ಬಂದು, "ವಾಯುಭಾರ ಕುಸಿತ. ಹಡಗು ಬಂದ್" ಎಂದರು. ನಾವು ಅದರ ನೆತ್ತಿಯ ಮೇಲೇ ಕೂತಿದ್ದೆವು.

ಇವರ ಮುಖ ನೋಡಲಾಗುತ್ತಿರಲಿಲ್ಲ. ವಿಮಾನದ ಟಿಕೆಟ್ ಹೋಯಿತು, ರೂಮಿನ ಬಾಡಿಗೆ ಏರಿತು, ರಜೆ ಮುಂದುವರಿಸಲು ಮೇಲ್ ಕಳಿಸಬೇಕು, ನೆಟ್‌ವರ್ಕ್ ಇಲ್ಲ. ಫೋನನ್ನು ತಲೆಯ ಮೇಲೆ ಹಿಡಿದುಕೊಂಡು ಮಳೆಯಲ್ಲಿ ಓಡಾಡಿದರು. ಮಗಳು ಜಗತ್ತಿನಲ್ಲಿ ಏನು ನಡೆಯುತ್ತಿದೆಯೋ ಎಂದು ಕೊರಗಿದಳು. ಮಗನಿಗೆ ನೂಡಲ್ಸ್ ಬೇಸರ ಬಂತು, ಅದು ಸಾಧ್ಯ ಎಂದು ನಾನು ಅಂದುಕೊಂಡಿರಲಿಲ್ಲ. ಒಂದೇ ರೂಮಿನಲ್ಲಿ ಐದು ಜನ, ಒದ್ದೆ ಬಟ್ಟೆಯ ವಾಸನೆ. ಹೊರಗೆ ಹೋಗೋಣವೆಂದರೆ ಯಾವ ಕಡೆ ಹೋದರೂ ಸ್ವಲ್ಪ ದೂರಕ್ಕೆ ಸಮುದ್ರ. ಎರಡು ರೂಮಿನಾಚೆ ಹುಬ್ಬಳ್ಳಿಯ ಒಂದು ಮನೆಯವರು ಸಿಕ್ಕಿಕೊಂಡಿದ್ದರು. "ಬೆಂಗಳೂರಿನವರೇನ್ರಿ? ಚಲೋ ಆತು, ಮಾತಾಡ್ಲಿಕ್ಕೆ ಮಂದಿ ಸಿಕ್ರು" ಎಂದು ಆ ಅಮ್ಮ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಂದುಕೊಟ್ಟರು. ನಮ್ಮ ಪುಳಿಯೋಗರೆ ಗೊಜ್ಜು ಆ ಕಡೆಗೆ ಹೋಯಿತು. ಅಷ್ಟು ದೂರ ಬಂದು ಆ ದ್ವೀಪದಲ್ಲಿ ತಿಂದ ಅತಿ ರುಚಿಯಾದ ಊಟ ಹುಬ್ಬಳ್ಳಿಯದು.

ಅತ್ತೆ ಮಾತ್ರ ಎಲ್ಲೂ ಕಾಣುತ್ತಿರಲಿಲ್ಲ. ಹುಡುಕಿದರೆ ಹೋಟೆಲಿನ ಹಿಂದಿನ ಅಡುಗೆಮನೆಯಲ್ಲಿ ಸಿಕ್ಕರು. ಮಾಲೀಕನ ತಾಯಿ, ಬಂಗಾಳಿ ಅಜ್ಜಿ, ನೆಲದಲ್ಲಿ ಕೂತು ಬಾಳೆದಿಂಡು ಹೆಚ್ಚುತ್ತಿದ್ದರು. ಮುಂದೆ ಈಳಿಗೆಮಣೆ! ಬಾಗಿದ ಅಲಗು, ಕಾಲಿನಲ್ಲಿ ಒತ್ತಿ ಹಿಡಿಯುವ ಮಣೆ. ಅವರು 'ಬೊಂಟಿ' ಎನ್ನುತ್ತಾರಂತೆ. ನಮ್ಮ ಮನೆಯಲ್ಲಿ ನಾನೇ ಅಟ್ಟಕ್ಕೆ ಹಾಕಿದ ವಸ್ತು ಅದು. ಅತ್ತೆ ಪಕ್ಕದಲ್ಲಿ ಕೂತು, ಹೆಚ್ಚಿದ ಒಂದೊಂದು ಬಿಲ್ಲೆಯ ನಾರನ್ನು ತೋರುಬೆರಳಿಗೆ ಸುತ್ತಿ ಸುತ್ತಿ ತೆಗೆಯುತ್ತಿದ್ದರು. ಆ ಅಜ್ಜಿಯ ಬೆರಳಿಗೂ ಅಂಥದೇ ನಾರಿನ ಉಂಗುರ. ಒಬ್ಬರಿಗೆ ಬಂಗಾಳಿ, ಇನ್ನೊಬ್ಬರಿಗೆ ಕನ್ನಡ, ಇಬ್ಬರೂ ಧಾರಾಳವಾಗಿ ಮಾತಾಡುತ್ತಿದ್ದರು. ಇವರು ನನ್ನ ಕಿವಿಯಲ್ಲಿ, "ಅದರಲ್ಲಿ ಮೀನು ಹೆಚ್ಚಿರ್ತಾರೆ ಕಣೇ, ಅಮ್ಮನಿಗೆ ಗೊತ್ತಾದರೆ ಮುಗೀತು" ಎಂದರು. ಬಂಗಾಳಿ ಅಜ್ಜಿಗೆ ನಮ್ಮ ಗಾಬರಿ ಹೇಗೆ ತಿಳಿಯಿತೋ, ಮೂಲೆಯಲ್ಲಿದ್ದ ಇನ್ನೊಂದು ಬೊಂಟಿಯತ್ತ ಕೈತೋರಿಸಿ, ಮೀನಿನ ಹಾಗೆ ಅಂಗೈ ಬಳುಕಿಸಿ ತೋರಿಸಿದರು. ಅದು ಬೇರೆ, ಇದು ಬೇರೆ. ಅತ್ತೆ ತಲೆಯೆತ್ತದೆ, "ನಾನು ಮೊದಲೇ ವಿಚಾರಿಸಿದೀನಿ, ನೀವು ಹೋಗಿ" ಎಂದರು.

ಹುಣ್ಣಿಮೆ ಬೆಳಿಗ್ಗೆಯೂ ಹಡಗಿಲ್ಲ. ಸೂರ್ಯ ಮೋಡದ ಹಿಂದೆ ಎಲ್ಲೋ ಎದ್ದಿದ್ದ. ಭರತಪುರದ ಕಡೆ ಹವಳದ ದಿಬ್ಬ ಅಲೆಯನ್ನು ತಡೆಯುವುದರಿಂದ ದಡದ ನೀರು ತಕ್ಕಮಟ್ಟಿಗೆ ಸುಮ್ಮನಿತ್ತು. ಒಳಗೆ ಇಳಿಯಕೂಡದು ಎಂದು ಕಾವಲಿನವನು ಸೀಟಿ ಊದಿದ. ಅತ್ತೆ ಇಳಿಯಲಿಲ್ಲ. ನೀರಿನ ಅಂಚಿನಲ್ಲಿ ಕೂತು, ಸೀರೆಯ ಸೆರಗು ಸಿಕ್ಕಿಸಿಕೊಂಡು, ಚೊಂಬಿನಲ್ಲಿ ಮೊಗೆಮೊಗೆದು ತಲೆಗೆ ಸುರಿದುಕೊಂಡರು. ಗೋವಿಂದ, ಗೋವಿಂದ. ಮೇಲಿಂದ ಮಳೆಯೂ ಸುರಿಯುತ್ತಿತ್ತು. ಸೀಟಿಯವನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಒಂದು ಅಲೆ ಬಂದು ಚೊಂಬನ್ನು ಕಿತ್ತುಕೊಂಡು ಹೋಯಿತು. "ಹಿಡಿಯೋ!" ಎಂದು ಅತ್ತೆ ಕೂಗಿದ್ದೇ ತಡ, ನಮ್ಮ ಯಜಮಾನರು, ಸೆಕ್ಷನ್ ಆಫೀಸರ್ ಸಾಹೇಬರು, ಬರ್ಮುಡಾ ಮೇಲೆತ್ತಿಕೊಂಡು ಮೊಣಕಾಲುದ್ದದ ನೀರಿನಲ್ಲಿ ಚೊಂಬಿನ ಹಿಂದೆ ಓಡಿದರು. ಸೀಟಿ ನಿಲ್ಲಲೇ ಇಲ್ಲ. ಕೊನೆಗೂ ಹಿಡಿದು ತಂದರು. ಆ ಪ್ರವಾಸದಲ್ಲಿ ಅವರ ಮುಖದಲ್ಲಿ ಗೆಲುವು ಕಂಡಿದ್ದು ಆಗಲೇ. ಫೋಟೋ ತೆಗೆಯಬೇಕಾದವರು ಅವರೇ ಆದ್ದರಿಂದ ಫೋಟೋ ಇಲ್ಲ.

ಗಾಳಿ ಇಳಿದ ಮೇಲೆ ಹಡಗು ಬಿಟ್ಟರು. ಗಾಳಿ ಇಳಿದರೂ ಸಮುದ್ರ ಇಳಿದಿರಲಿಲ್ಲ. ಕಿಟಕಿ ತೆರೆಯಲಾಗದ ಏಸಿ ಹಡಗು. ಹೊರಟ ಸ್ವಲ್ಪ ಹೊತ್ತಿಗೇ ಮೇಲೆದ್ದು ಧೊಪ್ಪೆಂದು ಬೀಳತೊಡಗಿತು. ಸಿಬ್ಬಂದಿ ಹುಡುಗರು ಕವರುಗಳನ್ನು ಹಂಚುತ್ತಾ ಬಂದರು. ಮೊದಲು ಮಗ, ಆಮೇಲೆ ಮಗಳು, ಹುಬ್ಬಳ್ಳಿಯವರು ಸಾಲಾಗಿ. ಇವರು ಮಾತ್ರೆ ನುಂಗಿದ್ದರು, ಮಾತ್ರೆಯೂ ವಾಪಸ್ ಬಂತು. ನಾನು ಸೀಟಿನ ಹಿಡಿ ಹಿಡಿದು ಕಣ್ಣು ಮುಚ್ಚಿದ್ದೆ. ಪಕ್ಕದಲ್ಲಿ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು, ಇಂಗಿನ ಪರಿಮಳ ಬಂತು. ಅತ್ತೆ ಕೋಡುಬಳೆ ತೆಗೆದು ಕಟುಂ ಎಂದು ಕಡಿದರು. "ಬೆಳಿಗ್ಗೆ ಏಳಕ್ಕೆ ಮೊದಲೇ ತಿಂಡಿ ಆಗಿಹೋಯ್ತಲ್ಲ, ಹಸಿವಾಯ್ತು. ನಿಂಗೊಂದು ಕೊಡ್ಲಾ?" ಎಂದರು. ಆ ಕಡೆಯ ಸೀಟಿನಿಂದ ಇವರು ಕಣ್ಣು ಬಿಡದೆ ಕೈ ಚಾಚಿ ಇನ್ನೊಂದು ಕವರು ಕೇಳಿದರು.